ಖಾಲಿ ಎಂದು ಬರೆದ ಜಾಗ

ಮೂವತ್ತೆರಡು ವರ್ಷ ನಾನು ಹಾಸನದ ಒಂದು ಉದ್ಯಾನ ವಿನ್ಯಾಸ ಕಚೇರಿಯಲ್ಲಿ ನಕ್ಷೆ ಬರೆದೆ. ಪಾರ್ಕು, ಕೆರೆ ಏರಿ, ಶಾಲೆಯ ಅಂಗಳ, ಸಂತೆಮಾಳ, ಆಸ್ಪತ್ರೆಯ ಮುಂದಿನ ಬಯಲು ಹೀಗೆ ಜನ ನಿಲ್ಲುವ, ನಡೆಯುವ, ಕೂರುವ ಜಾಗಗಳನ್ನು ಕಾಗದದ ಮೇಲೆ ಹೊಂದಿಸುವುದು ನನ್ನ ಕೆಲಸವಾಗಿತ್ತು. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಬರೆದ ಪದ ಮರವೂ ಅಲ್ಲ, ಹುಲ್ಲೂ ಅಲ್ಲ. 'ಖಾಲಿ' ಎಂಬ ಪದ. ಜಾಗಕ್ಕೆ ಹೋಗುವುದು, ಟೇಪು ಹಿಡಿಯುವುದು, ಕಟ್ಟಡ ಇದ್ದಲ್ಲಿ ಕಟ್ಟಡ, ಬಾವಿ ಇದ್ದಲ್ಲಿ ಬಾವಿ ಗುರುತು ಹಾಕುವುದು, ಏನೂ ಕಾಣದಿದ್ದಲ್ಲಿ 'ಖಾಲಿ' ಎಂದು ದುಂಡಗೆ ಬರೆಯುವುದು. ನನ್ನ ಅಕ್ಷರ ಚೆನ್ನಾಗಿತ್ತು. ಕಚೇರಿಯಲ್ಲಿ ಅದಕ್ಕೇ ಹೆಸರುವಾಸಿ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು "ಅನುಭವ ಹೇಳಿ ಸರ್" ಅನ್ನುತ್ತಾರೆ. ನನ್ನ ಬಡ್ತಿಗಳ ಕಥೆ ಬೇಡ, ಅವು ನನ್ನ ಹೆಂಡತಿಗೇ ನೆನಪಿಲ್ಲ. ನಾನು ಮಾಡಿದ ತಪ್ಪುಗಳನ್ನೇ ಹೇಳುತ್ತೇನೆ. ಅದರಲ್ಲಿ ಒಂದು ತಪ್ಪು ಇವತ್ತಿಗೂ ಹೊಳೆನರಸೀಪುರ ತಾಲ್ಲೂಕಿನ ಒಂದು ಊರ ಹೊರಗೆ ಕಬ್ಬಿಣದ ಬೇಲಿಯಾಗಿ ನಿಂತಿದೆ. ಅಲ್ಲಿಗೆ ಬರುವ ಮೊದಲು ನನಗೆ ಎಷ್ಟು ಎಚ್ಚರಿಕೆ ಸಿಕ್ಕಿತ್ತು ಎಂಬುದನ್ನೂ ಹೇಳಬೇಕು. ಗೊತ್ತಿಲ್ಲದೆ ಮಾಡಿದೆ ಎಂದು ಜಾರಿಕೊಳ್ಳಲು ನನಗೆ ದಾರಿಯಿಲ್ಲ.

ಮೊದಲ ಎಚ್ಚರಿಕೆ ರಾಮಯ್ಯನವರು. ನಾನು ಸೇರಿದಾಗ ಅವರು ಕಚೇರಿಯ ಹಿರಿಯ ನಕ್ಷೆಗಾರರು. ಬಿಳಿ ಪಂಚೆ, ಕೈಯಲ್ಲಿ ಬಿಚ್ಚದ ಕೊಡೆ. ಜಾಗ ನೋಡಲು ಹೋದರೆ ಟೇಪು ಮುಟ್ಟುತ್ತಿರಲಿಲ್ಲ. ಊರಿನವರು ಎಲ್ಲಿ ಕೂತಿದ್ದಾರೋ ಅಲ್ಲಿ ಹೋಗಿ ಕೂರುತ್ತಿದ್ದರು. ಬೆಳಿಗ್ಗೆ ಒಮ್ಮೆ, ನೆತ್ತಿಯ ಮೇಲೆ ಬಿಸಿಲು ಬಂದಾಗ ಒಮ್ಮೆ, ಹೊತ್ತು ಇಳಿದ ಮೇಲೆ ಒಮ್ಮೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದರು. ನಾನು ಟೇಪಿನ ತುದಿ ಹಿಡಿದುಕೊಂಡು ಆಕಳಿಸುತ್ತಿದ್ದೆ.

"ಗೆರೆ ಯಾವನು ಬೇಕಾದ್ರೂ ಎಳೀತಾನೆ ಕಣಯ್ಯಾ," ಅನ್ನುತ್ತಿದ್ದರು. "ಎಲ್ಲಿ ಎಳೀಬಾರದು ಅಂತ ಗೊತ್ತಾಗೋಕೆ ವರ್ಷ ಬೇಕು. ಹುಲ್ಲು ಎಲ್ಲಿ ಬೆಳೆದಿಲ್ಲ ನೋಡು. ಅಲ್ಲಿ ಕಾಲು ಓಡಾಡಿದೆ ಅಂತ ಅರ್ಥ. ಒಂದು ಮದುವೆ, ಒಂದು ಸಾವು, ಒಂದು ಸಂತೆ, ಇಷ್ಟು ನೋಡೋ ತನಕ ಯಾವ ಜಾಗಕ್ಕೂ ಹೆಸರು ಹಾಕಬೇಡ."

ಅವರ ಬೆನ್ನ ಹಿಂದೆ ನಾವು ಚಿಕ್ಕವರೆಲ್ಲ ನಗುತ್ತಿದ್ದೆವು. ಒಂದು ಪಾರ್ಕಿಗೆ ಒಂದು ಸಾವು ಕಾಯಬೇಕಂತೆ! ಆ ನಗು ಈಗ ನೆನಪಾದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡನೆಯ ಎಚ್ಚರಿಕೆ ಸಿಕ್ಕಿದ್ದು ಅರಕಲಗೂಡು ಕಡೆಯ ಒಂದು ಸಂತೆಮಾಳದಲ್ಲಿ. ತರಕಾರಿ ಮಾರುವ ಹೆಂಗಸರು ಬಿಸಿಲಲ್ಲಿ ಕೂರುತ್ತಾರೆ, ದೊಡ್ಡ ಹೊಂಗೆಮರದ ನೆರಳಿಗೆ ಕಟ್ಟೆ ಕಟ್ಟಿಸಿ ಎಂದು ಕೆಲಸ ಬಂತು. ರಾಮಯ್ಯನವರಿಗೆ ಜ್ವರ, ನಾನೊಬ್ಬನೇ ಹೋದೆ. ಬೆಳಿಗ್ಗೆ ಒಂಬತ್ತು ಗಂಟೆ. ನೆರಳು ಮರದ ಪಶ್ಚಿಮಕ್ಕೆ ಉದ್ದಕ್ಕೆ ಮಲಗಿತ್ತು. ಅಲ್ಲೇ ಸುಣ್ಣದ ಗೆರೆ ಹಾಕಿಸಿ, ಹನ್ನೊಂದರ ಬಸ್ಸಿಗೆ ವಾಪಸ್ಸು ಬಂದೆ. ಸಂತೆ ಸೇರುವುದು ಮಧ್ಯಾಹ್ನದ ಮೇಲೆ ಎಂಬುದನ್ನು ಕೇಳುವ ಬುದ್ಧಿ ಬರಲಿಲ್ಲ. ಕಟ್ಟೆ ಆದ ಮೇಲೆ ಹೋಗಿ ನೋಡಿದರೆ ನುಣುಪಾದ ಕಟ್ಟೆಯ ಮೇಲೆ ಒಂದು ನಾಯಿಯೂ ಇಲ್ಲ. ಹೆಂಗಸರೆಲ್ಲ ಮರದ ಪೂರ್ವಕ್ಕೆ ನೆಲದ ಮೇಲೆ ಗೋಣಿ ಹಾಸಿಕೊಂಡು ಕೂತಿದ್ದಾರೆ. ಕಟ್ಟೆ ಮೇಲೆ ಕೂತ್ಕೊಳ್ಳಿ ಅಂತ ಒಬ್ಬಾಕೆಗೆ ಹೇಳಿದೆ.

ಆಕೆ ಬದನೆಕಾಯಿ ಜೋಡಿಸುತ್ತಲೇ ಹೇಳಿದಳು: "ನೆಳ್ಳು ಇಲ್ಲೈತೆ, ಕಟ್ಟೆ ಅಲ್ಲೈತೆ. ನಾವೇನ್ ಕಟ್ಟೆ ಮಾರಕ್ಕೆ ಬಂದಿದ್ದೀವಾ ಸಾ?"

ಸುತ್ತಲಿನವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಕಚೇರಿಗೆ ಬಂದು ಅದನ್ನೇ ಜೋಕು ಮಾಡಿ ಹೇಳಿದೆ. ರಾಮಯ್ಯನವರು ಮಾತ್ರ ನಗಲಿಲ್ಲ. "ಅವಳು ನಿನಗೆ ಪಾಠ ಹೇಳಿದ್ದಾಳೆ, ನೀನು ಕಥೆ ಮಾಡ್ಕೊಂಡು ಬಂದಿದ್ದೀಯ," ಅಂದರು.

ಮೂರನೆಯದು ಚನ್ನರಾಯಪಟ್ಟಣದಲ್ಲಿ. ಪದ್ಮರಾಜಯ್ಯ ಎಂಬ ಜೈನ ವ್ಯಾಪಾರಿ ಹೊಸ ಮನೆ ಕಟ್ಟಿಸಿ ಮುಂದಿನ ಅಂಗಳ ನಮಗೆ ವಹಿಸಿದರು. ಅವರು ತೀರ ಕಡಿಮೆ ಮಾತಿನವರು. "ಅಂಗಳ ಸ್ವಚ್ಛವಾಗಿರಲಿ, ಬಾಗಿಲಿಗೆ ಬಂದವರು ನಿಲ್ಲುವ ಹಾಗಿರಲಿ," ಎಂದಷ್ಟೇ ಹೇಳಿದ್ದರು. ನಾನು ಗೇಟಿನಿಂದ ಬಾಗಿಲ ತನಕ ಹಸಿರು ಹುಲ್ಲು ಹಾಸಿ, ನಡುವೆ ಕಲ್ಲು ಚಪ್ಪಡಿ ಇಟ್ಟೆ. ಚಪ್ಪಡಿಯ ಸಂದಿಯಲ್ಲೂ ಹುಲ್ಲು. ಬಂದವರೆಲ್ಲ ಎಷ್ಟು ಚೆಂದ ಅಂದರು. ಅವರ ಊರಿಗೆ ಮುನಿಗಳು ಬಂದ ದಿನ ಮನೆಯವರೆಲ್ಲ ಮಡಿಯುಟ್ಟು, ಕಳಶ ಹಿಡಿದು ಬಾಗಿಲಲ್ಲಿ ಕೈಮುಗಿದು ನಿಂತಿದ್ದಾರೆ. ಮುನಿಗಳು ಆಹಾರಕ್ಕೆ ಹೊರಟು ಗೇಟಿನ ತನಕ ಬಂದರು. ಹುಲ್ಲು ನೋಡಿದರು. ಜೀವ ಇರುವ ಹಸಿರನ್ನು ಅವರು ತುಳಿಯುವುದಿಲ್ಲ. ಒಂದು ಕ್ಷಣ ನಿಂತು ಹಾಗೇ ಮುಂದಿನ ಮನೆಗೆ ನಡೆದರು.

ನನಗೆ ಇದು ಗೊತ್ತಾದದ್ದು ಒಂದು ವಾರ ಕಳೆದ ಮೇಲೆ, ಹುಲ್ಲಿಗೆ ಗೊಬ್ಬರ ಹಾಕಿಸಲು ಹೋದಾಗ. ಅಂಗಳದ ಹುಲ್ಲೆಲ್ಲ ಕಿತ್ತು ನೆಲ ಬರಿದಾಗಿತ್ತು. ಪದ್ಮರಾಜಯ್ಯ ಜಗಳವಾಡಲಿಲ್ಲ. ಒಳಗೆ ಕೂರಿಸಿ ಬೆಲ್ಲ, ನೀರು ಕೊಟ್ಟರು.

"ಅಂಗಳ ಚೆನ್ನಾಗೇ ಮಾಡಿದ್ರಿ," ಅಂದರು. "ಯಾರ ಅಂಗಳ ಅಂತ ಕೇಳಲಿಲ್ಲ, ಅಷ್ಟೆ. ನಮ್ಮ ತಾಯಿಗೆ ಎಂಬತ್ತಾರು. ಮುನಿಗಳು ಮತ್ತೆ ಈ ಕಡೆ ಬರೋ ಹೊತ್ತಿಗೆ ಅವರು ಇರ್ತಾರೋ ಇಲ್ವೋ."

ಬೆಲ್ಲ ಬಾಯಲ್ಲಿ ಕರಗಲಿಲ್ಲ. ಆದರೂ ಬಸ್ಸು ಹಾಸನ ಮುಟ್ಟುವಷ್ಟರಲ್ಲಿ, ಅವರೇ ಮೊದಲು ಹೇಳಬಹುದಿತ್ತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಅಷ್ಟರಲ್ಲಿ ಕಚೇರಿ ಬದಲಾಯಿತು. ಹಳೆಯ ಮಾಲೀಕರು ಹೋಗಿ ಹೊಸ ಸಾಹೇಬರು ಬಂದರು. ಅವರ ಜೊತೆ ಕಂಪ್ಯೂಟರೂ ಬಂತು. ರಾಮಯ್ಯನವರಿಗೆ ಪ್ರಿಂಟು ಮಡಿಸುವ ಕೆಲಸ ಕೊಟ್ಟರು. ಮೂರು ತಿಂಗಳು ಮಡಿಸಿದರು. ಒಂದು ದಿನ ಕೊಡೆ ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ. ಯಾರೂ ಹೋಗಿ ಕರೆಯಲಿಲ್ಲ. ನಾನೂ ಹೋಗಲಿಲ್ಲ. ಅವರ ಕುರ್ಚಿ ನನಗೆ ಸಿಕ್ಕಿತ್ತು.

ಹೊಸ ಸಾಹೇಬರಿಗೆ ಬಯಲು ಕಂಡರೆ ಆಗುತ್ತಿರಲಿಲ್ಲ. ನಕ್ಷೆಯಲ್ಲಿ ಎಲ್ಲಾದರೂ ಬರಿಯ ಜಾಗ ಉಳಿದರೆ ಪೆನ್ನಿನಿಂದ ಸುತ್ತು ಹಾಕಿ, "ಇಲ್ಲೇನು? ಸುಮ್ನೆ ಬಿಟ್ಟಿದ್ದೀರಾ?" ಎಂದು ಕೇಳುತ್ತಿದ್ದರು. "ಬಯಲಿಗೆ ಉದ್ಘಾಟನೆ ಆಗುತ್ತೇನ್ರಿ? ಏನಾದ್ರೂ ತುಂಬ್ರಿ." ನಾನು ತುಂಬುವುದರಲ್ಲಿ ನಿಪುಣನಾದೆ. ಬೆಂಚು, ಕಾರಂಜಿ, ಸಿಮೆಂಟಿನ ಜಿಂಕೆ, ಅಣಬೆಯಾಕಾರದ ಚಪ್ಪರ.

ಹೀಗಿರುವಾಗ ಹೊಳೆನರಸೀಪುರ ತಾಲ್ಲೂಕಿನ, ಹಳೇಕೋಟೆ ಕಡೆಯ ಆ ಊರಿನ ಕೆಲಸ ಬಂತು. ಊರಿನ ಹೆಸರು ಬೇಡ. ಊರು ಮುಗಿದು ರಸ್ತೆ ಸಣ್ಣಗೆ ತಿರುಗುವ ಕಡೆ ಒಂದು ಬಯಲು, ಸುಮಾರು ಹತ್ತು ಗುಂಟೆ. ಅಂಚಿನಲ್ಲಿ ನಾಲ್ಕು ಹೊಂಗೆಮರ. ನಡುವೆ ಆಳುದ್ದದ ಒಂದು ಕಲ್ಲುಚಪ್ಪಡಿ. ಅದರ ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲ, ನೆಲ ಸಾರಿಸಿದ ಹಾಗೆ ಗಟ್ಟಿ. ಅಲ್ಲಲ್ಲಿ ಒಣಗಿದ ಚೆಂಡುಹೂ, ಮಣ್ಣಲ್ಲಿ ಬೆರೆತ ಪುರಿ, ಪುರಿಗೆ ಮುತ್ತಿದ ಇರುವೆ. ರಾಮಯ್ಯನವರಾಗಿದ್ದರೆ ಅಲ್ಲೇ ನಿಂತುಬಿಡುತ್ತಿದ್ದರು. ನಾನು ಹಾಸನದ ಪೇಟೆಯಲ್ಲಿ ಬೆಳೆದವನು, ನಮ್ಮ ಬೀದಿಯಲ್ಲಿ ಯಾರಾದರೂ ಹೋದರೆ ವ್ಯಾನು ಬಾಗಿಲಿಗೇ ಬರುತ್ತದೆ. ಯಾರೋ ಮಕ್ಕಳು ಪುರಿ ತಿಂದು ಚೆಲ್ಲಿದ್ದಾರೆ ಅಂದುಕೊಂಡೆ. ಗಲೀಜು ಮಾಡುವ ಜನ ಎಂದು ನಕ್ಷೆಯಲ್ಲಿ ಎರಡು ಕಸದಬುಟ್ಟಿ ಹೆಚ್ಚಿಗೆ ಹಾಕಿದೆ.

ಕೇಳಲೇ ಇಲ್ಲ ಎಂದೇನೂ ಇಲ್ಲ. ಎದುರು ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅರವತ್ತೈದರ ಮೇಲಿನ ವಯಸ್ಸು. ಹೆಸರು ನಿಂಗಮ್ಮ. ಒಳಗೆ ಮಂಚದ ಮೇಲೆ ಅವಳ ಗಂಡ ಸಣ್ಣೇಗೌಡ ಮಲಗಿದ್ದ. ಲಕ್ವ ಹೊಡೆದು ಆರು ತಿಂಗಳಾಗಿತ್ತಂತೆ.

"ಈ ಜಾಗದಲ್ಲಿ ಏನು ಮಾಡ್ತೀರಮ್ಮ?" ಎಂದು ಕೇಳಿದೆ.

ಅವಳು ಒಳಗೆ ಒಮ್ಮೆ ನೋಡಿದಳು. ಮೊರ ನಿಂತಿತು. "ಏನಿಲ್ಲ ಬುಡಿ ಸಾ," ಅಂದಳು.

"ಹಬ್ಬಗಿಬ್ಬ? ಕಣ ಮಾಡೋದು?"

"ಅಂತದ್ದೇನಿಲ್ಲ. ಎಲ್ರಿಗೂ ಒಂದ್ ಸಲ ಬೇಕಾಯ್ತದೆ, ಅಷ್ಟೇಯ."

ಅವಳು ಮತ್ತೆ ಕೇರತೊಡಗಿದಳು. ಎಲ್ಲರಿಗೂ ಒಂದು ಸಲ ಬೇಕಾಗುವುದು ಏನು ಎಂದು ನಾನು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಅಳತೆ ಮುಗಿಸಿ, ಬಯಲಿನ ನಟ್ಟನಡುವೆ 'ಖಾಲಿ' ಎಂದು ಬರೆದು ಹೊರಟೆ.

ಪಾರ್ಕು ಆಯಿತು. ಸುತ್ತ ಕಬ್ಬಿಣದ ಜಾಲರಿ ಬೇಲಿ. ದನ ನುಗ್ಗಬಾರದು ಎಂದು ಒಂದೇ ಒಂದು ಕಿರುಗೇಟು, ಒಬ್ಬೊಬ್ಬರೇ ಬಳಸಿಕೊಂಡು ಹೋಗುವಂಥದ್ದು. ಅದರ ಚಿತ್ರವನ್ನು ನಾನೇ ಬಿಡಿಸಿದೆ, ಎಂಟು ಬೋಲ್ಟು. ಬಯಲಿನ ನಡುವೆ ಕಾರಂಜಿ, ಅದರ ಸುತ್ತ ಬೆಂಚು, ಒಂದು ಸಿಮೆಂಟಿನ ಜಿಂಕೆ. ಆ ಆಳುದ್ದದ ಚಪ್ಪಡಿ ಒಳ್ಳೆಯ ಕಲ್ಲು, ಹಾಳಾಗುವುದು ಬೇಡ ಎಂದು ಜೆಸಿಬಿಯಿಂದ ಎತ್ತಿಸಿ ಗೇಟಿನ ಪಕ್ಕ ನೆಟ್ಟಗೆ ನಿಲ್ಲಿಸಿ, ಉದ್ಘಾಟಕರ ಹೆಸರಿನ ಫಲಕವನ್ನು ಅದಕ್ಕೇ ಕೂರಿಸಿದೆ. ಉದ್ಘಾಟನೆಯ ದಿನ ಗಣ್ಯರು ಆ ಕಲ್ಲಿಗೆ ಹಾರ ಹಾಕಿ ಕೈಮುಗಿದರು. ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬಾಯಿ ಬಿಡಲಿಲ್ಲ. ಶುಭಕಾರ್ಯದ ಹೊತ್ತಲ್ಲಿ ಆ ಮಾತು ಯಾರು ಆಡುತ್ತಾರೆ?

ಐದು ತಿಂಗಳ ನಂತರ ಹುಲ್ಲು ಒಣಗಿದೆ ಎಂಬ ದೂರು ಬಂದು ಹೋದೆ. ಬೆಳಗಿನ ಹನ್ನೊಂದು ಗಂಟೆ. ಕಾರಂಜಿ ಆಗಲೇ ಕೆಟ್ಟಿತ್ತು. ನಾನು ಅದರ ತೊಟ್ಟಿಯಲ್ಲಿ ಇಣುಕುತ್ತಿದ್ದಾಗ ಊರ ಕಡೆಯಿಂದ ತಮಟೆ ಕೇಳಿಸಿತು. ಚಟ್ಟ ಬರುತ್ತಿತ್ತು. ಹಿಂದೆ ಗಂಡಸರು, ಅವರ ಹಿಂದೆ ಹೆಂಗಸರು. ಚಟ್ಟದ ಮೇಲೆ ಸಣ್ಣೇಗೌಡ.

ಗೇಟಿನ ಮುಂದೆ ಚಟ್ಟ ನಿಂತಿತು. ಮುಂದೆ ಹೆಗಲು ಕೊಟ್ಟವನು ಕಿರುಗೇಟು ನೋಡಿದ, ಬೇಲಿ ನೋಡಿದ, ಒಳಗೆ ನಿಂತಿದ್ದ ನನ್ನನ್ನು ನೋಡಿದ. ಅಗಲವಾಗಿದ್ದ ರಸ್ತೆಯ ಅಂಚನ್ನೆಲ್ಲ ನನ್ನ ಬೇಲಿ ತಿಂದಿತ್ತು. ಹಿಂದಿನಿಂದ ಹೊಳೆನರಸೀಪುರದ ಬಸ್ಸು ಬಂದು ಹಾರನ್ನು ಹೊಡೆಯತೊಡಗಿತು. ಗುಂಪಿನಲ್ಲಿದ್ದ ಹಿರಿಯನೊಬ್ಬ "ನಡೀರ್ಲಾ, ನಡೀರಿ" ಅಂದ. ನಡೆಯುತ್ತ ನಡೆಯುತ್ತಲೇ ಹೆಗಲು ಬದಲಾಯಿಸಿಕೊಂಡು ಗಂಡಸರು ಮುಂದಕ್ಕೆ ಹೋಗಿಬಿಟ್ಟರು. ಹೆಂಗಸರು ಬೇಲಿಯ ಹತ್ತಿರ ನಿಂತರು. ಆ ಊರಲ್ಲಿ ಅವರು ಅಲ್ಲಿಂದ ಮುಂದೆ ಹೋಗುವಂತಿಲ್ಲ. ನಿಂಗಮ್ಮ ಜಾಲರಿಗೆ ಬೆರಳು ಸಿಕ್ಕಿಸಿಕೊಂಡು, ಧೂಳು ಏಳುತ್ತಿದ್ದ ರಸ್ತೆಯನ್ನೇ ನೋಡುತ್ತಿದ್ದಳು.

"ಮಕ ನೋಡ್ನಿಲ್ವಲ್ಲೋ," ಅಂದಳು. ಕೂಗಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಮಗಳು ಜಯಮ್ಮ ಅವಳ ಭುಜ ಹಿಡಿದುಕೊಂಡಳು.

ನನಗೆ ಆಗ ಪುರಿ ನೆನಪಾಯಿತು. ಚೆಂಡುಹೂ ನೆನಪಾಯಿತು. ನಾನು ಹಾಕಿಸಿದ ಎರಡು ಕಸದಬುಟ್ಟಿ ಎದುರಿಗೇ ಇದ್ದವು.

ತಿಥಿ ಕಳೆದ ಮೇಲೆ ಅವಳ ಮನೆಗೆ ಹೋದೆ. ಹೊರಗೆ ನಿಂತೇ ಮಾತಾಡಿದೆ.

"ಯಾಕಮ್ಮ, ಅವತ್ತು ನಾನು ಕೇಳಿದಾಗ ಹೇಳಬಾರದಿತ್ತಾ?"

"ಒಳಗಡೆ ಅವ್ರು ಮನಗಿದ್ರು ಸಾ. ಕಿವಿ ಚೆನ್ನಾಗೇ ಕೇಳ್ತಿತ್ತು. ಹೆಣ ಇಳ್ಸೋ ಜಾಗ ಅಂತ ನನ್ ಬಾಯಲ್ಲಿ ಎಂಗೆ ಏಳ್ಳಿ?"

ಅವಳು ಬೇಲಿಯ ಕಡೆ ಕೈ ಮಾಡಿದಳು.

"ಅಲ್ಲಿ ಕಲ್ಲಿನ್ ಮ್ಯಾಲೆ ಇಳ್ಸಿ, ತಲೆ ಊರ್ ಕಡೆ ಇದ್ದುದ್ದ ತಿರುಗ್ಸಿ, ಮಕದ್ ಮ್ಯಾಲಿನ ಬಟ್ಟೆ ತಗೀತಾರೆ. ಎಂಗುಸ್ರು ನಾವು ಒಬ್ಬೊಬ್ರೇ ಸುತ್ತಾಕಿ ನೋಡ್ಕಬೇಕು. ಆಮ್ಯಾಕೆ ತಿರುಗಿ ನೋಡ್ದಂಗೆ ಮನೆಗ್ ಬಂದ್ಬುಡ್ಬೇಕು."

"ಮನೆಯಲ್ಲೂ ನೋಡಿರ್ತೀರಲ್ಲಮ್ಮ," ಅಂದುಬಿಟ್ಟೆ. ಯಾಕೆ ಅಂದೆನೋ. ತಪ್ಪಿತಸ್ಥನ ನಾಲಿಗೆಗೆ ಲಂಗುಲಗಾಮಿರುವುದಿಲ್ಲ.

"ಮನೇಲಿ ನೋಡದು ಅಳಕ್ಕೆ ಸಾ. ಅಲ್ಲಿ ನೋಡದು ಕಳ್ಸಕ್ಕೆ. ನಾನು ಕಳ್ಸ್ನೇ ಇಲ್ಲ. ಇನ್ನೂ ಆ ಮಂಚದ್ ಮ್ಯಾಲೇ ಅವ್ರೇನೋ ಅನ್ನಂಗಾಯ್ತದೆ."

ಮತ್ತೆ ಅವಳೇ ಹೇಳಿದಳು: "ನೀವ್ ಒಂದೇ ಸಲ ಬಂದ್ರಿ. ಯಾರಾರ ಓದಾಗ ಬಂದಿದ್ರೆ ನಾನ್ ಏಳದೇ ಬ್ಯಾಡಾಗಿತ್ತು, ನಿಮ್ಗೇ ಕಾಣ್ತಿತ್ತು. ಓಗ್ಲಿ. ನಂಗ್ ಮೂರ್ ಜನ ಎಣ್ಮಕ್ಳು. ನಾನ್ ಓಗೋವಾಗ್ಲಾದ್ರೂ ಆ ಗೇಟು ಒಸಿ ತಗ್ಸಿಕೊಡಿ ಸಾ. ಅವ್ರು ನನ್ ಮಕ ನೋಡ್ಲಿ."

ತೆಗೆಸಿಕೊಡುತ್ತೇನೆ ಅಂದೆ. ಬದುಕಿನಲ್ಲಿ ನಾನು ಇಷ್ಟು ಸುಲಭವಾಗಿ ಕೊಟ್ಟ ಮಾತು ಇನ್ನೊಂದಿಲ್ಲ.

ಬಯಲು ಎಂದರೆ ಏನು ಎಂದು ನನಗೆ ಅವತ್ತು ಅರ್ಥವಾಯಿತು. ನಾಲ್ಕು ಜನ ಹೊತ್ತ ಚಟ್ಟ ಒಂದು ಸುತ್ತು ತಿರುಗಬೇಕು, ಅದರ ಸುತ್ತ ಒಂದು ಊರಿನ ಹೆಂಗಸರು ಬಳಸಿ ಬರಬೇಕು, ಗಂಡಸರು ದೂರ ನಿಲ್ಲಬೇಕು. ಹತ್ತು ಗುಂಟೆ ಎಂಬುದು ಸುಮ್ಮನೆ ಉಳಿದ ಜಾಗವಾಗಿರಲಿಲ್ಲ. ಎಷ್ಟು ಬೇಕೋ ಅಷ್ಟನ್ನೇ ಆ ಊರಿನ ಹಿಂದಿನವರು ಬಿಟ್ಟಿದ್ದರು. ಟೇಪಿಲ್ಲದೆ, ನಕ್ಷೆಯಿಲ್ಲದೆ, ನನಗಿಂತ ಚೆನ್ನಾಗಿ ಅಳೆದಿದ್ದರು.

ಸಾಹೇಬರಿಗೆ ಹೋಗಿ ಹೇಳಿದೆ. ಬೇಲಿಯ ಒಂದು ಪಕ್ಕ ತೆಗೆದು, ಕಾರಂಜಿ ಕಿತ್ತು, ಕಲ್ಲನ್ನು ಮತ್ತೆ ಮಲಗಿಸಬೇಕು ಅಂದೆ.

"ಹೆಣಕ್ಕೆ ಅಂತ ಡ್ರಾಯಿಂಗ್‌ನಲ್ಲಿ ಬರೀತೀರೇನ್ರಿ?" ಅಂದರು. "ಆ ಕಲ್ಲಿನ ಮೇಲೆ ಯಾರ್‍ಯಾರ ಹೆಸರಿದೆ ಗೊತ್ತಾ? ಅದು ಹೆಣ ಇಳಿಸೋ ಕಲ್ಲು ಅಂತ ಹೊರಗೆ ಬಾಯಿ ಬಿಟ್ಟರೆ ಆಫೀಸು ಮುಚ್ಚಬೇಕಾಗುತ್ತೆ. ನಿಮ್ಮ ನಕ್ಷೆಯಲ್ಲೇ ಖಾಲಿ ಅಂತ ಇದೆಯಲ್ಲ. ನೀವೇ ಬರೆದಿದ್ದು."

ಮೂರು ಸಲ ಅರ್ಜಿ ಬರೆದೆ. ಪಾರ್ಕಿನ ಉಸ್ತುವಾರಿಯವರು ನಕ್ಷೆ ಬದಲಾಗಿ ಬಂದರೆ ನೋಡೋಣ ಅಂದರು. ಕಚೇರಿಯವರು ಉಸ್ತುವಾರಿಯವರು ಕೇಳಿದರೆ ನಕ್ಷೆ ಬದಲಾಯಿಸೋಣ ಅಂದರು. ಅತ್ತ ದರಿ ಇತ್ತ ಪುಲಿ ಎನ್ನಲೂ ಆಗದು, ದರಿ ಪುಲಿ ಎರಡೂ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದವು. ಕೆಲಸ ಬಿಡುತ್ತೇನೆ ಎಂದು ಮೇಜು ಗುದ್ದಬಹುದಿತ್ತು. ಗುದ್ದಲಿಲ್ಲ. ಅದೇ ಕುರ್ಚಿಯಲ್ಲಿ ಕೂತು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ನನಗೆ ಕೊಟ್ಟದ್ದು ಚೌಕಟ್ಟು ಹಾಕಿಸಿದ ಒಂದು ಫೋಟೊ, ಅದೇ ಪಾರ್ಕಿನದು.

ಈಗಿನ ಹುಡುಗರು ಜಾಗವನ್ನು ಆಕಾಶದಿಂದ ನೋಡುತ್ತಾರೆ. ಡ್ರೋನು ಹಾರಿಸಿ ಮೊಬೈಲಿನಲ್ಲಿ ತೋರಿಸುತ್ತಾರೆ, "ಎಲ್ಲಾ ಕ್ಲಿಯರ್ ಆಗಿ ಕಾಣುತ್ತೆ ಸರ್" ಎಂದು. ಕಾಣುತ್ತದೆ, ಹೊಂಗೆಮರದ ಎಲೆ ಎಲೆಯೂ ಕಾಣುತ್ತದೆ. ಮಂಚದ ಮೇಲೆ ಕಿವಿ ತೆರೆದುಕೊಂಡು ಮಲಗಿದ ಗಂಡ ಕಾಣುವುದಿಲ್ಲ. ನನಗೆ ನೆಲದ ಮೇಲೆ ನಿಂತು ಎರಡು ಮಾರು ದೂರದಿಂದಲೇ ಕಾಣಲಿಲ್ಲ, ಇವರನ್ನು ಬೈದು ಏನು ಬಂತು.

ನಿವೃತ್ತನಾದ ಮೇಲೆ ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಸ್ಪ್ಯಾನರ್ ಇಟ್ಟುಕೊಂಡೆ. ಜಯಮ್ಮನಿಗೆ ನನ್ನ ನಂಬರು ಕೊಟ್ಟು ಬಂದೆ. ಹೆಂಡತಿ, "ಪೊಲೀಸ್ ಸ್ಟೇಷನ್ ಒಂದು ಬಾಕಿ ಇತ್ತು ನಿಮಗೆ," ಅಂದಳು. ಕಳೆದ ಮಾಗಿಯಲ್ಲಿ ಒಂದು ಬೆಳಿಗ್ಗೆ ಫೋನು ಬಂತು.

"ಅವ್ವ ಓಗ್ಬುಟ್ಳು ಸಾ," ಅಂದಳು ಜಯಮ್ಮ. "ಒಂದ್ ಗಂಟೆಗೆ ಎತ್ತಾರೆ."

ಹನ್ನೊಂದೂವರೆಗೆ ಗೇಟಿನ ಮುಂದೆ ಇದ್ದೆ. ಎಂಟು ಬೋಲ್ಟಿನಲ್ಲಿ ಐದು ಬಿಚ್ಚಿದವು. ಮೂರು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟೆ, ಕಲ್ಲಿನಿಂದ ಗುದ್ದಿದೆ, ಅಂಗೈ ಸುಲಿಯಿತು. ತಮಟೆ ಕೇಳಿಸುತ್ತಿತ್ತು. ಚಟ್ಟ ಬಂದು ನಿಂತಾಗಲೂ ನಾನು ಮಂಡಿಯೂರಿ ಕೂತೇ ಇದ್ದೆ. ಹೆಗಲು ಕೊಟ್ಟವರಲ್ಲಿ ಒಬ್ಬ ಕೇಳಿದ, "ಯಾರ್ಲಾ ಇವ್ರು?" ಜಯಮ್ಮ ಹಿಂದಿನಿಂದ, "ಪಾರ್ಕು ಮಾಡ್ದೋರು ಕಣಣ್ಣಾ. ಈಗ ಬಿಚ್ತಾವ್ರೆ," ಅಂದಳು. ನಾಲ್ಕು ಜನ ಬಂದು ಗೇಟಿಗೆ ಕೈ ಹಾಕಿ ಅಲುಗಾಡಿಸಿ, ಜಾಲರಿಯ ಒಂದು ಹಾಳೆಯ ಸಮೇತ ಕಿತ್ತು ಪಕ್ಕಕ್ಕೆ ಎಸೆದರು.

ಒಳಗೆ ಕಾರಂಜಿಯ ತೊಟ್ಟಿ ಅಡ್ಡ. ಚಟ್ಟವನ್ನು ತಿರುಗಿಸುವಾಗ ಹಿಂದಿನವರ ಕಾಲು ಬೆಂಚಿಗೆ ತಾಗಿತು, ಒಬ್ಬ ಎಡವಿದ. ಕಲ್ಲಿಲ್ಲದ ಕಾರಣ ನೆಲದ ಮೇಲೇ ಇಳಿಸಿದರು. ಮುಖದ ಬಟ್ಟೆ ತೆಗೆದರು. ಮೂವರು ಹೆಣ್ಣುಮಕ್ಕಳು ತೊಟ್ಟಿ ಬಳಸಿ, ಬೆಂಚು ಬಳಸಿ, ಸಿಮೆಂಟಿನ ಜಿಂಕೆ ಬಳಸಿ ಒಂದು ಸುತ್ತು ಬಂದು ತಾಯಿಯ ಮುಖ ನೋಡಿದರು. ಪುರಿ ಎರಚಿದರು. ಆಮೇಲೆ ಹಿಂದಕ್ಕೆ ತಿರುಗಿ ನೋಡದೆ ಊರ ಕಡೆ ನಡೆದರು. ನನ್ನ ಪಕ್ಕ ಹಾದು ಹೋಗುವಾಗ ಜಯಮ್ಮ ನನ್ನ ಕಡೆಗೂ ನೋಡಲಿಲ್ಲ, ನೋಡಬಾರದು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಆ ಬೆಂಚನ್ನು ಹಾಕಿಸಿದ ಇಷ್ಟು ವರ್ಷದಲ್ಲಿ ಅದರ ಮೇಲೆ ಯಾರಾದರೂ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹದಿನೈದು ದಿನ ಬಿಟ್ಟು ಜಯಮ್ಮನನ್ನು ಮಾತಾಡಿಸಲು ಮತ್ತೆ ಆ ಕಡೆ ಹೋದೆ. ದಾರಿಯಲ್ಲೇ ಪಾರ್ಕು ಸಿಗುತ್ತದಲ್ಲ, ಸ್ಕೂಟರು ನಿಲ್ಲಿಸಿದೆ. ಯಾರೋ ಕಿಡಿಗೇಡಿಗಳು ಸಾರ್ವಜನಿಕ ಆಸ್ತಿ ಹಾಳು ಮಾಡಿದ್ದಾರೆ ಎಂದು ಬೋರ್ಡು ತೂಗುಹಾಕಿದ್ದರು. ಗೇಟು ಮತ್ತೆ ತನ್ನ ಜಾಗದಲ್ಲಿ ಕೂತಿತ್ತು, ಹೊಸ ಹಸಿರು ಬಣ್ಣ. ಬಗ್ಗಿ ನೋಡಿದೆ. ಈ ಸಲ ಬೋಲ್ಟು ಹಾಕಿರಲಿಲ್ಲ. ವೆಲ್ಡಿಂಗ್ ಮಾಡಿಸಿದ್ದರು.